ಸದ್ದು ನಿಂತ ಐದು ನಿಮಿಷ

ಫೆಬ್ರವರಿ ೯

ಅಪ್ಪಾ,

ನಮಸ್ಕಾರ. ಫೋನಿನಲ್ಲಿ ಅಮ್ಮನಿಗೆ ಎಲ್ಲ ಹೇಳುತ್ತೇನೆ. ಅಮ್ಮ ಅದರಲ್ಲಿ ಅರ್ಧ ತಾನಿಟ್ಟುಕೊಂಡು ಇನ್ನರ್ಧವನ್ನು ಕೈಸನ್ನೆಯಲ್ಲಿ ನಿಮಗೆ ದಾಟಿಸುತ್ತಾಳೆ. ಅದಕ್ಕೇ ನಿಮಗೆ ಬೇರೆ ಪತ್ರ. ಈ ಪತ್ರವಂತೂ ಅಮ್ಮನ ಕೈಗೆ ಸಿಗಲೇಬಾರದು. ಯಾಕೆ ಅಂತ ಕೊನೆಯಲ್ಲಿ ಬರೆಯುತ್ತೇನೆ, ಈಗಲೇ ಅಲ್ಲಿಗೆ ಹಾರಬೇಡಿ.

ಈ ಪರಭಾಷೆಯ ಊರಿನಲ್ಲಿ, ಹೆರಿಗೆಗೆ ಮೊದಲೇ ಸೇರಿಕೊಂಡ ಹೊಸ ಮನೆ ಹೇಗಿದೆ ಅಂತ ಕೇಳಿದ್ದಿರಿ. ಎರಡು ಕೋಣೆ, ಒಂದು ಅಡುಗೆಮನೆ, ಮಿಕ್ಕಿದ್ದೆಲ್ಲ ಸದ್ದು. ನಮ್ಮ ಕಾಲಡಿಯಲ್ಲೇ ಒಂದು ಗ್ಯಾರೇಜು. ಗುದ್ದಿಸಿಕೊಂಡು ಬಂದ ಕಾರುಗಳ ತಗಡು ಬಡಿದು ನೆಟ್ಟಗೆ ಮಾಡುತ್ತಾರೆ. ಅದರ ಯಜಮಾನನ ಹೆಸರು ನನ್ನ ನಾಲಿಗೆಗೆ ಹೊರಳುವುದಿಲ್ಲ, ಸುತ್ತಿಗೆರಾಯ ಅಂತ ಹೆಸರಿಟ್ಟುಕೊಂಡಿದ್ದೇನೆ. ಎದುರಿಗೆ ಶಾಲೆ. ಮಂಗಳವಾರ ಖಾಲಿ ಗಾಜಿನ ಬಾಟಲಿಗಳನ್ನು ಸುರಿದುಕೊಂಡು ಹೋಗಲು ಲಾರಿ ಬರುತ್ತದೆ, ಒಂದು ಪಾತ್ರೆ ಅಂಗಡಿಯನ್ನೇ ಮಹಡಿಯಿಂದ ಕೆಳಗೆ ಬಿಟ್ಟ ಹಾಗೆ. ಮೇಲಿನ ಮನೆಯಲ್ಲಿ ಹಾಡಿನ ಮೇಡಂ. ಅವರ ಶಿಷ್ಯರು ಬೆಳಗಿನಿಂದ ಅದೇ ಏಳು ಸ್ವರದ ಮೆಟ್ಟಿಲು ಹತ್ತುತ್ತಾರೆ, ಆರನೆಯದಕ್ಕೆ ಜಾರಿ ಬೀಳುತ್ತಾರೆ. ನಿಮ್ಮ ಅಳಿಯಂದಿರು ಏಳು ಗಂಟೆಗೇ ಲಿಫ್ಟ್ ರಿಪೇರಿಗೆ ಹೊರಟುಬಿಡುತ್ತಾರೆ. "ಒಂದು ವಾರ ತಡ್ಕೋ, ಅಭ್ಯಾಸ ಆಗತ್ತೆ" ಎಂದು ಬಂದ ಹೊಸದರಲ್ಲಿ ಉಪದೇಶ ಬೇರೆ. ಮಗ್ಗದ ಶೆಡ್ಡಿಗೆ ಅಂಟಿಕೊಂಡ ಮನೆಯಲ್ಲಿ ಹುಟ್ಟಿ ಬೆಳೆದವಳಿಗೆ! ಹನ್ನೆರಡು ಪವರ್‌ಲೂಮುಗಳು ಒಟ್ಟಿಗೆ ಓಡುವಾಗ ನಾನು ಲೆಕ್ಕ ಮಾಡುತ್ತಿದ್ದೆ, ಜಡೆ ಹಾಕಿಕೊಳ್ಳುತ್ತಿದ್ದೆ, ನಿದ್ದೆಯನ್ನೂ ಮಾಡುತ್ತಿದ್ದೆ. ಸದ್ದು ನನಗೆ ಕಷ್ಟವಲ್ಲ ಅಪ್ಪಾ.

ಕಷ್ಟ ಇರುವುದು ಮಗುವಿನದು. ಸದಾ ಕಾಲನ್ನು ಅತ್ತಿಂದಿತ್ತ ಎಸೆಯುತ್ತಾಳೆ ಅಂತ ನೀವು ಮಗ್ಗದ ಲಾಳಿಯ ಹೆಸರಿಟ್ಟಿರಲ್ಲ, ಈಗ ಎಲ್ಲರೂ ಲಾಳಿ ಅಂತಲೇ ಕರೆಯುತ್ತಾರೆ. ಅವಳಿಗೆ ಮೂರು ತಿಂಗಳು ತುಂಬಿತು. ಬಾಟಲಿ ಲಾರಿ ಬಂದಾಗ ಕಿಟಕಿಯ ಗಾಜು ಅದುರುತ್ತದೆ, ಇವಳು ರೆಪ್ಪೆ ಅಲುಗಿಸುವುದಿಲ್ಲ. ಸುತ್ತಿಗೆ ಬೀಳುತ್ತಿದ್ದರೂ ಹಾಯಾಗಿ ನಿದ್ದೆ. ಎಚ್ಚರ ಇದ್ದಾಗ ಹಿಂದಿನಿಂದ ಎಷ್ಟು ಕರೆದರೂ ತಿರುಗುವುದಿಲ್ಲ. ಹುಟ್ಟಿದಾಗ ಆಸ್ಪತ್ರೆಯವರು ಕಿವಿ ಪರೀಕ್ಷೆ ಮಾಡಿ, "ಸರಿಯಾಗಿ ಗೊತ್ತಾಗ್ತಿಲ್ಲ, ಒಳಗೆ ನೀರು ಇರಬಹುದು, ಇನ್ನೊಮ್ಮೆ ನೋಡೋಣ" ಅಂದಿದ್ದರು. ಆ ಇನ್ನೊಮ್ಮೆಗೆ ಏಪ್ರಿಲ್‌ನಲ್ಲಿ ಸರದಿ ಸಿಕ್ಕಿದೆ.

ನಿಮ್ಮನ್ನು ಒಂದು ಮಾತು ಕೇಳಬೇಕು, ತಪ್ಪು ತಿಳಿಯಬೇಡಿ. ನಿಮ್ಮ ಕಿವಿ ಹೋದದ್ದು ಮಗ್ಗದಿಂದಲೇನಾ? ತಾತನಿಗೂ ಕೇಳುತ್ತಿರಲಿಲ್ಲ ಅನ್ನುತ್ತಾರೆ. ಇದು ನಮ್ಮ ವಂಶದಲ್ಲೇ ಬಂದದ್ದಾ?

ಇಂತಿ,
ನಿಮ್ಮ ಮಗಳು


ಫೆಬ್ರವರಿ ೨೬

ಮಗಳಿಗೆ ಆಶೀರ್ವಾದ.

ಪತ್ರ ತಲುಪಿತು. ಇಲ್ಲಿ ಎಲ್ಲರೂ ಕ್ಷೇಮ. ಹಿತ್ತಲ ಬಾಗಿಲಿನ ಚಿಲಕ ಕಿತ್ತುಹೋಗಿತ್ತು, ಹೊಸದು ಹಾಕಿಸಿದೆ. ಹಳೆಯ ಶೆಡ್ಡಿನಲ್ಲಿ ಈಗ ಯಾರೋ ಗೊಬ್ಬರದ ಚೀಲ ತುಂಬಿಸಿಟ್ಟಿದ್ದಾರೆ. ನಿನ್ನ ಅಮ್ಮನ ಮಂಡಿ ನೋವು ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಅಳಿಯಂದಿರಿಗೆ ಎತ್ತರದಲ್ಲಿ ಕೆಲಸ ಮಾಡುವಾಗ ಹುಷಾರಾಗಿರಲು ಹೇಳು.

ನೀನು ಕೇಳಿದ್ದಕ್ಕೆ ಆಮೇಲೆ ಬರೆಯುತ್ತೇನೆ.

ನಿನ್ನ ಅಪ್ಪ


ಮಾರ್ಚ್ ೩

ಮಹಾರಾಣಿಯವರಿಗೆ,

ಅಮ್ಮನಿಗೆ ಗೊತ್ತಾಗಬಾರದಂತೆ! ಒಂಬತ್ತು ತಿಂಗಳು ಹೊತ್ತವಳು ನಾನು, ಗುಟ್ಟು ಹೇಳುವುದು ಅಪ್ಪನಿಗೆ. ಆ ಮನುಷ್ಯನಿಗೆ ಗುಟ್ಟು ಇಟ್ಟುಕೊಳ್ಳಲು ಬರುತ್ತದೆಯೇ? ಮೂರು ದಿನ ಸರಿಯಾಗಿ ಊಟ ಇಲ್ಲ. ಕರೆಂಟು ಹೋದ ಮಗ್ಗದ ಹಾಗೆ ಕೂತಿರುತ್ತಾರೆ. ನಾಲ್ಕನೆಯ ದಿನ ಅವರ ಅಂಗಿ ಒಗೆಯಲು ತೆಗೆದೆ, ಜೇಬಿನಲ್ಲಿ ನಿನ್ನ ಪತ್ರ. ಓದಿದೆ. ಓದಬಾರದಿತ್ತು ಅನ್ನಬೇಡ, ಒಗೆಯಬೇಕಾದರೆ ಜೇಬು ನೋಡಲೇಬೇಕು.

ಮೊದಲು ಒಂದು ವಿಷಯ ತಿಳಿದುಕೋ. ನಿನ್ನ ತಾತನಿಗೆ ಕಿವುಡು ಅಂತ ಯಾರು ಹೇಳಿದ್ದು? ಅಜ್ಜಿ ಕೆಲಸಕ್ಕೆ ಕರೆದರೆ ಕೇಳುತ್ತಿರಲಿಲ್ಲ ನಿಜ. ಅದೇ ಊಟದ ತಟ್ಟೆ ಇಟ್ಟ ಸದ್ದು ಮೂರು ಕೋಣೆ ಆಚೆಯಿಂದಲೂ ಕೇಳುತ್ತಿತ್ತು. ನಾನು ಸೊಸೆಯಾಗಿ ಬಂದ ವಾರದಲ್ಲೇ ಕಂಡುಹಿಡಿದೆ, ಬಾಯಿ ಮುಚ್ಚಿಕೊಂಡಿದ್ದೆ. ನನಗೂ ಆ ಉಪಾಯ ಕೆಲವು ಸಲ ಬೇಕಾಗುತ್ತಿತ್ತು.

ಇನ್ನೊಂದು. ನಿನ್ನ ಅಪ್ಪ ಇವತ್ತು ಬೆಳಿಗ್ಗೆ ಇಸ್ತ್ರಿ ಅಂಗಿ ಹಾಕಿಕೊಂಡು ಹೊರಟರು. ಎಲ್ಲಿಗೆ ಅಂತ ಕೈಯಲ್ಲಿ ಕೇಳಿದೆ. ಕಿವಿ ಮುಟ್ಟಿ ತೋರಿಸಿದರು. ಹದಿನೈದು ವರ್ಷದಿಂದ ನಾನು ಕಾಲು ಹಿಡಿದರೂ ಕಿವಿ ಡಾಕ್ಟರ ಹತ್ತಿರ ಹೋಗದವರು! ಯಾರೋ ಕೊಟ್ಟ ಕಿವಿ ಮಿಷನ್ನು ಒಮ್ಮೆ ಹಾಕಿ, ಬರೀ ಗಿರಗಿರ ಅನ್ನುತ್ತದೆ ಅಂತ ಬೀರುವಿನೊಳಗೆ ಎಸೆದವರು, ಇವತ್ತು ತಾವಾಗಿಯೇ ಬಸ್ಸು ಹತ್ತಿದ್ದಾರೆ. ಏನಾಯಿತೆಂದು ಅವರೇ ಬರೆಯಲಿ.

ನೀನು ಒಬ್ಬಳೇ ಕೂತು ಅಳಬೇಡ. ಅಳುವುದಿದ್ದರೆ ನನಗೆ ಫೋನು ಮಾಡಿ ಅಳು, ನಾನೂ ಜೊತೆಗಿರುತ್ತೇನೆ.

ನಿನ್ನ ಅಮ್ಮ


ಮಾರ್ಚ್ ೧೧

ಮಗಳಿಗೆ ಆಶೀರ್ವಾದ.

ಹೋದ ಪತ್ರದಲ್ಲಿ ಚಿಲಕದ ವಿಷಯ ಬರೆದು ಕಳಿಸಿದೆ. ನಾಚಿಕೆಯಾಗುತ್ತದೆ. ನೀನು ಕೇಳಿದ್ದನ್ನು ಓದಿ, ನಿಜ ಹೇಳಬೇಕೆಂದರೆ ಭಯವಾಯಿತು. ಮಗ್ಗ ನನ್ನ ಕಿವಿ ತಿಂದಿತು ಅಂತ ಎಲ್ಲರಿಗೂ ಹೇಳಿಕೊಂಡು ಬಂದವನು ನಾನು, ಆದರೆ ಯಾರನ್ನೂ ಕೇಳಿ ತಿಳಿದವನಲ್ಲ. ಒಂದು ವೇಳೆ ನನ್ನ ರಕ್ತದಲ್ಲೇ ಇದ್ದು, ಅದು ನಿನ್ನನ್ನು ದಾಟಿ ಆ ಕೂಸಿಗೆ ಹೋಗಿದ್ದರೆ ನಾನು ಯಾವ ಮುಖ ಹೊತ್ತು ನಿನಗೆ ಬರೆಯಲಿ?

ಡಾಕ್ಟರಮ್ಮ ನಿನಗಿಂತ ಚಿಕ್ಕವಳು. ಗಾಜಿನ ಕೋಣೆಯಲ್ಲಿ ಕೂರಿಸಿ, ಕಿವಿಗೆ ದೊಡ್ಡ ಬಿರಡೆಯಂಥದ್ದು ಹಾಕಿ, ಸದ್ದು ಬಂದಾಗ ಗುಂಡಿ ಒತ್ತಿ ಅಂತ ಬರೆದು ತೋರಿಸಿದಳು. ಬಸ್ಸಿಗೆ ಕಾಯುವವನ ಹಾಗೆ ಗುಂಡಿ ಹಿಡಿದುಕೊಂಡು ಕೂತೆ. ಕೊನೆಗೆ ಅವಳಿಗೆ ಬೇಜಾರಾಗಬಾರದು ಅಂತ ಎರಡು ಸಲ ಸುಮ್ಮನೆ ಒತ್ತಿದೆ. ಸಿಕ್ಕಿಬಿದ್ದೆ, ನಕ್ಕಳು. ಆಮೇಲೆ ಗೆರೆ ಎಳೆದ ಕಾಗದ ಇಟ್ಟು ವಿವರಿಸಿದಳು. ಮಗ್ಗದ ಸದ್ದು ತಿಂದ ಕಿವಿಯ ಗೆರೆಯೇ ಬೇರೆ ಅಂತೆ, ನನ್ನದು ಅದೇ. ಅವಳ ಕೈಯಲ್ಲೇ ಬರೆಸಿಕೊಂಡಿದ್ದೇನೆ: "ಇದು ಕೆಲಸದಿಂದ ಬಂದದ್ದು. ಮಕ್ಕಳಿಗೆ, ಮೊಮ್ಮಕ್ಕಳಿಗೆ ಹೋಗುವುದಲ್ಲ." ಚೀಟಿ ಇದರ ಜೊತೆಗಿದೆ. ಕಿವಿ ಹೋದಾಗ ನಾನು ಅತ್ತಿರಲಿಲ್ಲ. ಅವತ್ತು ಅವಳ ಎದುರಿಗೇ ಅತ್ತುಬಿಟ್ಟೆ.

ಆದರೆ ಮಗುವಿನ ಕಿವಿ ಹೇಗಿದೆ ಅಂತ ಈ ಚೀಟಿ ಹೇಳುವುದಿಲ್ಲ, ಅದನ್ನೂ ಅವಳೇ ಹೇಳಿದಳು. ಅದಕ್ಕೆ ನನಗೆ ತಿಳಿದದ್ದು ಒಂದು ಹೇಳುತ್ತೇನೆ. ಶೆಡ್ಡಿನಲ್ಲಿ ಕೆಲಸದ ಹೆಂಗಸರು ಕೂಸುಗಳನ್ನು ಮಗ್ಗದ ಪಕ್ಕದಲ್ಲೇ ಜೋಲಿ ಕಟ್ಟಿ ಮಲಗಿಸುತ್ತಿದ್ದರು. ಒಂದೂ ಏಳುತ್ತಿರಲಿಲ್ಲ. ಕರೆಂಟು ಹೋಗಿ ಮಗ್ಗಗಳು ನಿಂತವೋ, ಆರಕ್ಕೆ ಆರೂ ಒಟ್ಟಿಗೆ ಕಿರುಚಿಕೊಂಡು ಏಳುತ್ತಿದ್ದವು. ನೀನೂ ಹಾಗೇ. ಹೊಟ್ಟೆಯೊಳಗಿದ್ದಾಗಿನಿಂದ ಸದ್ದಿನಲ್ಲೇ ಇದ್ದ ಮಗು ಸದ್ದಿಗೆ ಯಾಕೆ ಬೆಚ್ಚಬೇಕು? ಲಾಳಿಯೂ ಗ್ಯಾರೇಜಿನ ಮೇಲೇ ಬೆಳೆದವಳು. ಆದ್ದರಿಂದ ತಟ್ಟೆ ಬಡಿದು ನೋಡಬೇಡ. ಸದ್ದು ನಿಲ್ಲಿಸಿ ನೋಡು.

ನಿನ್ನ ಅಪ್ಪ


ಮಾರ್ಚ್ ೨೯

ಅಪ್ಪಾ,

ಡಾಕ್ಟರಮ್ಮನ ಚೀಟಿಯನ್ನು ಅಡುಗೆಮನೆಯ ಗೋಡೆಗೆ ಅಂಟಿಸಿದ್ದೇನೆ. ಗುಂಡಿ ಸುಮ್ಮನೆ ಒತ್ತಿದಿರಂತಲ್ಲ, ಅದನ್ನು ಓದಿ ತಿಂಗಳಾದ ಮೇಲೆ ಮೊದಲ ಸಲ ಜೋರಾಗಿ ನಕ್ಕೆ.

ಸದ್ದು ನಿಲ್ಲಿಸಿ ನೋಡು ಅಂತ ನೀವು ಬರೆದುಬಿಟ್ಟಿರಿ. ಬೀದಿಗೆ ಮೇನ್ ಸ್ವಿಚ್ ಎಲ್ಲಿರುತ್ತದೆ? ಎರಡು ದಿನ ಯೋಚಿಸಿ, ಗುರುವಾರ ಬೆಳಿಗ್ಗೆ ಲಾಳಿಯನ್ನು ಎತ್ತಿಕೊಂಡು ಗ್ಯಾರೇಜಿಗೇ ಇಳಿದೆ. ನನ್ನನ್ನು ಕಂಡದ್ದೇ ಸುತ್ತಿಗೆರಾಯ ಕೈಯೆತ್ತಿ ಶುರು ಮಾಡಿದ. ಎಂಟಕ್ಕೆ ಮೊದಲು ನಾವು ಸುತ್ತಿಗೆ ಮುಟ್ಟುವುದಿಲ್ಲ, ಮಧ್ಯಾಹ್ನ ಒಂದು ಗಂಟೆ ಬಿಡುವು ಕೊಡುತ್ತೇವೆ, ಇನ್ನೇನು ಬೇಕು ನಿಮಗೆ ಅಂತ. ಪಾಪ, ಮೇಲಿನಿಂದ ಇಳಿದು ಬರುವವರೆಲ್ಲ ಜಗಳಕ್ಕೇ ಬರುತ್ತಾರೆ. ನನಗೆ ಬರುವ ಇಲ್ಲಿನ ನಾಲ್ಕು ಮಾತಿನಲ್ಲಿ ಹೇಳಲು ಹೋದೆ, ಅರ್ಧಕ್ಕೇ ಆ ಮಾತುಗಳು ಮುಗಿದುಹೋದವು. ಮಗುವನ್ನು ತೋರಿಸಿದೆ, ಅವಳ ಕಿವಿ ತೋರಿಸಿದೆ, ಗೊತ್ತಿಲ್ಲ ಅಂತ ಕೈಯಾಡಿಸಿದೆ. ಅವನು ಕೈಗಳ ಗ್ರೀಸು ಒರೆಸಿಕೊಂಡು, ಬಗ್ಗಿ ಅವಳ ಕಿವಿ ನೋಡಿದ. ಆಮೇಲೆ ಎಲ್ಲ ಏರ್ಪಾಡೂ ಅವನದೇ. ಮಧ್ಯಾಹ್ನ ಸುತ್ತಿಗೆ ನಿಂತರೂ ಶಾಲೆಯ ಮಕ್ಕಳ ಗದ್ದಲ ಇರುತ್ತದೆ, ಅದು ಬೇಡ. ಬೆಳಗಿನ ಆಟದ ಬಿಡುವು ಮುಗಿಯಬೇಕು, ಮಗು ನಿದ್ದೆಯಲ್ಲಿರಬೇಕು, ಆಗ ನಾನು ಕಿಟಕಿಗೆ ಕೆಂಪು ಟವಲ್ ಹಾಕಬೇಕು. ಐದು ನಿಮಿಷ ಗ್ಯಾರೇಜು ಬಂದ್. ಹಾಡಿನ ಮೇಡಂ ಹತ್ತಿರವೂ ತಾನೇ ಹೋಗಿ ಹೇಳಿಬಂದ.

ಹನ್ನೊಂದೂಕಾಲಕ್ಕೆ ಟವಲ್ ಹಾಕಿದೆ. ಮೊದಲು ಸುತ್ತಿಗೆ ನಿಂತಿತು. ಆಮೇಲೆ ತಗಡು ಉಜ್ಜುವ ಮಿಷನ್ನು, ಗಾಳಿ ತುಂಬುವ ಮಿಷನ್ನು, ರೇಡಿಯೋ. ಮೇಲೆ ಹಾಡುತ್ತಿದ್ದವನು ನಾಲ್ಕನೆಯ ಮೆಟ್ಟಿಲಿನಲ್ಲೇ ನಿಂತ. ನಮ್ಮ ಮನೆಯ ಗಡಿಯಾರ ಟಿಕ್ ಟಿಕ್ ಅನ್ನುತ್ತದೆ ಅಂತ ನನಗೆ ಗೊತ್ತಾದದ್ದೇ ಆಗ. ನಾನು ತೊಟ್ಟಿಲಿನ ತಲೆಯ ಕಡೆ, ಅವಳಿಗೆ ಕಾಣದ ಹಾಗೆ ನಿಂತಿದ್ದೆ. ಇಪ್ಪತ್ತರವರೆಗೆ ಎಣಿಸಿರಬೇಕು. ಲಾಳಿಯ ಮುಷ್ಟಿ ಬಿಚ್ಚಿತು. ಹುಬ್ಬು ಗಂಟಿಕ್ಕಿತು. ಕಣ್ಣು ಬಿಟ್ಟು, ಯಾರಪ್ಪಾ ಅದು ನಿಲ್ಲಿಸಿದ್ದು ಅನ್ನುವ ಹಾಗೆ ಮುಖ ಕಿವುಚಿಕೊಂಡು ಕಿಟಕಿಯ ಕಡೆ ನೋಡಿದಳು.

ಎದ್ದಳು ಅಪ್ಪಾ!

ನಾನು ಹಿಂದಿನಿಂದಲೇ ಕರೆದೆ, "ಲಾಳೀ, ಬಂಗಾರೀ, ಇಲ್ಲಿ ನೋಡೇ." ಅವಳು ತಿರುಗಲಿಲ್ಲ. ಇನ್ನೊಮ್ಮೆ ಕರೆದೆ. ಆಗ ಗೊತ್ತಾಯಿತು, ಕೋಣೆಯಲ್ಲಿ ಗಡಿಯಾರ ಬಿಟ್ಟರೆ ಬೇರೆ ಏನೂ ಕೇಳುತ್ತಿಲ್ಲ. ನನ್ನ ತುಟಿ ಆಡುತ್ತಿದೆ, ಕೈ ಬಾ ಬಾ ಅನ್ನುತ್ತಿದೆ, ದನಿಯೇ ಇಲ್ಲ. ಶೆಡ್ಡಿನ ಮಾತು! ಮಗ್ಗ ಓಡುವಾಗ ಕಿರುಚಿ ಪ್ರಯೋಜನವಿಲ್ಲ ಅಂತ ನೀವೆಲ್ಲ ತುಟಿಯಲ್ಲಿ, ಬೆರಳಲ್ಲಿ ಆಡುತ್ತಿದ್ದ ಮಾತು. ನಿಮ್ಮ ಜೊತೆ ನಾನು ಯಾವಾಗಲೂ ಆಡಿದ ಮಾತು. ಇಲ್ಲಿಗೆ ಬಂದು ಸುತ್ತಿಗೆಯ ಸದ್ದು ಕಿವಿಗೆ ಬಿದ್ದದ್ದೇ ನನ್ನ ಗಂಟಲು ತಾನಾಗಿ ಮುಚ್ಚಿಕೊಂಡಿದೆ. ಇಷ್ಟು ದಿನವೂ ಹಗಲೆಲ್ಲ ನಾನು ಮಗುವನ್ನು ಸದ್ದೇ ಇಲ್ಲದೆ ಕರೆದು, ತಿರುಗಲಿಲ್ಲ ಅಂತ ಬಾತ್ರೂಮಿನಲ್ಲಿ ಕೂತು ಅಳುತ್ತಿದ್ದೆ.

ಗಂಟಲು ಸರಿಮಾಡಿಕೊಂಡು, ದನಿ ತೆಗೆದು ಕರೆದೆ. "ಲಾಳೀ." ನನ್ನ ದನಿಯೇ ನನಗೆ ಹೊಸದಾಗಿ ಕೇಳಿತು. ಅವಳು ಇಡೀ ತಲೆ ತಿರುಗಿಸಿ, ಕಣ್ಣು ಮೇಲೆ ಮಾಡಿ ನನ್ನನ್ನು ಹುಡುಕಿದಳು. ನಾನು ಅಳಲು ಶುರು ಮಾಡಿದೆ. ಅದನ್ನು ನೋಡಿ ಅವಳೂ ಶುರು ಮಾಡಿದಳು. ಎತ್ತಿಕೊಂಡು ಕಿಟಕಿಗೆ ಬಂದರೆ ಕೆಳಗೆ ಗ್ಯಾರೇಜಿನ ನಾಲ್ಕೂ ಜನ ಬೀದಿಯಲ್ಲಿ ಕತ್ತೆತ್ತಿ ನಿಂತಿದ್ದಾರೆ. ಲಾಳಿಯ ಅಳು ಅವರಿಗೆ ಕೇಳಿತು. ಸುತ್ತಿಗೆರಾಯ ಒಂದು ಮುರುಕು ಬಾಗಿಲ ತಗಡಿನ ಮೇಲೆ ಸುತ್ತಿಗೆಯಿಂದ ಹೊಡೆದೇ ಹೊಡೆದ, ಉಳಿದವರು ಚಪ್ಪಾಳೆ ತಟ್ಟಿದರು.

ಸಂಜೆ ನಿಮ್ಮ ಅಳಿಯಂದಿರಿಗೆ ಹೇಳಿದೆ. ಅವರದು ಲಿಫ್ಟಿನ ಬುದ್ಧಿ, ಎಲ್ಲವನ್ನೂ ಎರಡು ಸಲ ನೋಡಬೇಕು. "ನೆಲ ಅದುರೋದು ನಿಂತಿದ್ದಕ್ಕೂ ಎದ್ದಿರಬಹುದು. ಒಂದೇ ಕಿವಿ ಕೇಳ್ತಿರಬಹುದು. ಪರೀಕ್ಷೆ ಆಗಲಿ" ಅಂದರು. ಆಮೇಲೆ ಮೆಲ್ಲಗೆ, "ನೀನು ಮಗು ಮಲಗಿದೆ ಅಂತ ಸದ್ದಿಲ್ಲದೆ ಮಾತಾಡ್ತೀಯ ಅಂದ್ಕೊಂಡಿದ್ದೆ ಕಣೆ. ಕೇಳಬೇಕಾಗಿತ್ತು ನಾನು" ಅಂದರು. ಅರ್ಧ ಭಯ ಹೋಗಿದೆ. ಇನ್ನರ್ಧ ಏಪ್ರಿಲ್ ಹದಿನಾರಕ್ಕೆ.

ನಿಮ್ಮ ಮಗಳು


ಏಪ್ರಿಲ್ ೧೭

ಅಪ್ಪಾ,

ಎರಡೂ ಕಿವಿ. ಎರಡೂ!

ಅಮ್ಮನಿಗೆ ನಿನ್ನೆ ಆಸ್ಪತ್ರೆಯ ಬಾಗಿಲಿನಿಂದಲೇ ಫೋನು ಮಾಡಿದೆ, ಆದ್ದರಿಂದ ನಿಮಗೆ ಇದು ಹಳೇ ಸುದ್ದಿ. ಆದರೂ ನನ್ನ ಕೈಯಿಂದ ಬರೆಯಬೇಕು ಅನ್ನಿಸಿತು. ಮಲಗಿದ್ದ ಮಗುವಿನ ತಲೆಗೆ ಸಣ್ಣ ವೈರುಗಳನ್ನು ಅಂಟಿಸಿ, ಒಂದೊಂದು ಕಿವಿಗೂ ಬೇರೆ ಬೇರೆ ಸದ್ದು ಕಳಿಸಿದರು. ಪರೀಕ್ಷೆ ಮಾಡಿದಾಕೆ ಪರದೆ ನೋಡುತ್ತಿದ್ದಳು, ನಾವಿಬ್ಬರೂ ಅವಳ ಮುಖ ನೋಡುತ್ತಿದ್ದೆವು. ಹುಟ್ಟಿದಾಗ ನೀರೇ ಇದ್ದದ್ದಂತೆ. ಈಗ ಏನೂ ತೊಂದರೆ ಇಲ್ಲ ಅಂದಾಗ ಹೊಟ್ಟೆಗೆ ಹಾಲು ಹುಯ್ದ ಹಾಗಾಯಿತು. ಎರಡು ಸಲ ನೋಡುವ ನಿಮ್ಮ ಅಳಿಯಂದಿರು ಮೂರನೆಯ ಸಲವೂ ಕೇಳಿ ಖಾತ್ರಿ ಮಾಡಿಕೊಂಡರು. ಹೊರಗೆ ಬಂದವರೇ ಲಿಫ್ಟ್ ಬಿಟ್ಟು ಐದು ಮಹಡಿ ಮೆಟ್ಟಿಲಿನಲ್ಲೇ ಇಳಿದರು. ಯಾಕೆ ಅಂದರೆ, "ನಿಂತು ಇಳಿಯೋಕೆ ಆಗ್ತಿಲ್ಲ" ಅಂದರು.

ಈಗ ಇಡೀ ದಿನ ದನಿ ತೆಗೆದು ಮಾತಾಡುತ್ತೇನೆ. ಅಕ್ಕಿ ತೊಳೀತಿದೀನಿ ಕಣೆ, ಈರುಳ್ಳಿ ಹೆಚ್ತಿದೀನಿ ಕಣೆ, ನಿಮ್ಮಪ್ಪನ ಕಾಲುಚೀಲಕ್ಕೆ ತೂತು ಬಿದ್ದಿದೆ ಕಣೆ. ಗಂಟಲು ನೋಯುತ್ತದೆ. ಇವತ್ತು ಬಾಟಲಿ ಲಾರಿ ಬಂದಾಗಲೂ ನಾನು ನಿಲ್ಲಿಸಲಿಲ್ಲ, ಅದರ ಮೇಲೇ ಮಾತಾಡಿದೆ.

ಒಂದು ಸಂಗತಿ ಮಾತ್ರ ಗೊತ್ತಾಗಬೇಕು. ಸುದ್ದಿ ಹೇಳಿದಾಗ ನೀವು ಏನು ಮಾಡಿದಿರಿ ಅಂತ ಅಮ್ಮನನ್ನು ಕೇಳಿದರೆ, ಅವರನ್ನೇ ಕೇಳು ಅಂತಾಳೆ.

ನಿಮ್ಮ ಮಗಳು


ಮೇ ೨

ಮಗಳಿಗೆ ಆಶೀರ್ವಾದ.

ನಾನು ಏನು ಮಾಡಿದೆ? ಅಮ್ಮ ಎರಡು ಕಿವಿ ತೋರಿಸಿ ನಕ್ಕಳು. ನಾನು ಹೊರಗೆ ಹೋಗಿ, ಗೊಬ್ಬರದ ಚೀಲ ಇರುವ ಆ ಶೆಡ್ಡಿನ ಬಾಗಿಲಿನಲ್ಲಿ ನಿಂತು ಬಂದೆ. ಅಷ್ಟೇ. ನನ್ನ ಕಿವಿ ತಿಂದ ಮಗ್ಗಗಳನ್ನು ಬೈದೆನೋ ಏನೋ ನೆನಪಿಲ್ಲ. ಬೈದದ್ದು ಬೀದಿಗೆಲ್ಲ ಕೇಳಿತು ಅಂತ ನಿನ್ನ ಅಮ್ಮ ಹೇಳುತ್ತಾಳೆ.

ದನಿಯಿಲ್ಲದ ಮಾತು ನಿನಗೆ ಕಲಿಸಿದ್ದು ನಾನು. ಅದರಿಂದ ನೀನು ತಿಂಗಳುಗಟ್ಟಲೆ ಅಳಬೇಕಾಯಿತು. ಮನಸ್ಸಿಗೆ ಚುಚ್ಚುತ್ತದೆ ಮಗಳೇ. ಆದರೆ ಈಗ ಸಂತೋಷವೇ ಹೆಚ್ಚಾಗಿದೆ, ದುಃಖಕ್ಕೆ ಜಾಗ ಸಾಲುತ್ತಿಲ್ಲ.

ನನಗೊಂದು ಕೆಲಸ ಮಾಡಿಕೊಡು. ನಿನ್ನ ದನಿ ನನಗೆ ಗೊತ್ತು, ನಿನಗೆ ಹದಿನಾರು ಆಗುವವರೆಗೂ ಕೇಳಿದ್ದೇನೆ. ಲಾಳಿಯದು ಗೊತ್ತಿಲ್ಲ. ಅವಳು ಅಳುವುದು ಹೇಗೆ? ಬರಿ. ಮುದ್ದಾಗಿ ಅಳುತ್ತಾಳೆ ಅಂತೆಲ್ಲ ಬರೆದರೆ ಪತ್ರ ವಾಪಸ್ ಕಳಿಸುತ್ತೇನೆ. ಮೇಸ್ತ್ರಿಗೆ ವರದಿ ಕೊಡುವ ಹಾಗೆ ಬರಿ.

ನಿನ್ನ ಅಪ್ಪ


ಮೇ ೧೮

ಮೇಸ್ತ್ರಿಗಳಿಗೆ,

ವರದಿ ತಯಾರಿಸಲು ಒಂದು ವಾರ ಹಿಡಿಯಿತು. ಅವಳು ಅತ್ತರೆ ಎತ್ತಿಕೊಳ್ಳುವ ಮೊದಲು ಪೆನ್ನು ಹುಡುಕುತ್ತಿದ್ದೆ, ದೇವರು ಕ್ಷಮಿಸಲಿ.

ಎಲ್ಲ ಮಕ್ಕಳ ಅಳುವನ್ನೂ ಉಂಗಾ ಅಂತ ಬರೆಯುತ್ತಾರೆ. ಇವಳದು ಅದಲ್ಲ. ಹಸಿದ ಅಳು ಹೀಗೆ: ಬಾಯಿ ಮುಚ್ಚಿಕೊಂಡೇ ಮೂಗಿನಲ್ಲಿ "ಹ್ಞ, ಹ್ಞ" ಅಂತ ಎರಡು ಸಲ, ಎಣ್ಣೆ ಕಾಣದ ಬಾಗಿಲನ್ನು ಸ್ವಲ್ಪ ಸ್ವಲ್ಪವೇ ತಳ್ಳಿದ ಹಾಗೆ. ಆಮೇಲೆ ನಿಲ್ಲಿಸುತ್ತಾಳೆ, ಯಾರಾದರೂ ಬರುತ್ತಾರಾ ಅಂತ. ನೀವು ಮೂರು ಎಣಿಸಬಹುದು. ಬರದಿದ್ದರೆ ಬಾಯಿ ತೆರೆದು "ಅಲ್ಲ್ಯಾ" ಅಂತ ಒಂದೇ ಉಸಿರಿಗೆ ಮೇಲೆ ಎಳೆಯುತ್ತಾಳೆ. ದನಿ ಸಣ್ಣದು, ತುದಿ ಚೂಪು. ತೀರಾ ಮೇಲೆ ಹೋದಾಗ ಒಡೆದು, ಬಿಕ್ಕಳಿಕೆಯಾಗಿ ಕೆಳಗೆ ಬೀಳುತ್ತದೆ. ಎಲ್ಲರೂ "ಲಾ" ಅನ್ನುವ ಕಡೆ ಇವಳು ನಾಲಿಗೆಯನ್ನು ಅಂಗುಳಿಗೆ ಅಂಟಿಸಿಕೊಂಡುಬಿಡುತ್ತಾಳೆ, ಅದಕ್ಕೇ ಸ್ವಲ್ಪ ನೀರಿನ ಸದ್ದೂ ಸೇರುತ್ತದೆ.

ನಗು ಇನ್ನೂ ಉಸಿರು ಒಳಗೆಳೆದುಕೊಂಡೇ. ಹೊರಗೆ ಬಿಡಲು ಕಲಿತಿಲ್ಲ. ಕಲಿತ ದಿನ ಬರೆಯುತ್ತೇನೆ.

ನಿಮ್ಮ ಮಗಳು


ಜೂನ್ ೩

ಮಗಳಿಗೆ ಆಶೀರ್ವಾದ.

ವರದಿ ಚೆನ್ನಾಗಿದೆ. ಆದರೆ ಓದಿದರೆ ಸಾಲದು, ಮಾಡಿ ನೋಡಬೇಕು ಅನ್ನಿಸಿತು. ನಿನ್ನ ಅಮ್ಮ ಫೋನಿನಲ್ಲಿ ಲಾಳಿಯ ಅಳು ಕೇಳಿದ್ದಾಳಲ್ಲ, ಅವಳನ್ನು ಎದುರಿಗೆ ಕೂರಿಸಿಕೊಂಡೆ. ಎರಡು ಸಲ ಮೂಗಿನಲ್ಲಿ, ಮೂರು ಎಣಿಕೆ, ಆಮೇಲೆ ಬಾಯಿ. ದನಿ ಎಷ್ಟು ಮೇಲೆ ಹೋಗಬೇಕು ಅಂತ ಅವಳು ಕೈ ಎತ್ತಿ ತೋರಿಸುತ್ತಿದ್ದಳು. ಮೊದಲ ದಿನ ನಗು ತಡೆಯಲಾಗದೆ ಎದ್ದುಹೋದಳು. ಎರಡನೆಯ ದಿನ ಎಮ್ಮೆಯ ಹಾಗಿದೆ ಅಂತ ಬರೆದು ತೋರಿಸಿದಳು. ನನಗೆ ನನ್ನದೂ ಕೇಳುವುದಿಲ್ಲ. ಗಂಟಲ ಮೇಲೆ ಬೆರಳಿಟ್ಟುಕೊಂಡು ಸರಿಮಾಡಿಕೊಂಡೆ.

ನಿನ್ನೆ ಅಮ್ಮ ಅಡುಗೆ ಮಾಡುತ್ತಿದ್ದಳು. ನಾನೊಬ್ಬನೇ ಹಿತ್ತಲಿನಲ್ಲಿ ಕೂತು ಆ ಅಳು ಹೇಳಿಕೊಳ್ಳುತ್ತಿದ್ದೆ. ಪಕ್ಕದ ಮನೆಯಾಕೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿಬಂದು, ನನ್ನನ್ನು ದಾಟಿ ಸೀದಾ ಒಳಗೆ ನುಗ್ಗಿದಳು. ಕೋಣೆ ಕೋಣೆ ನೋಡಿದಳು. ನಿನ್ನ ಅಮ್ಮನ ಜೊತೆ ಏನೋ ಜೋರಾಗಿ ಮಾತಾಡಿದಳು. ಅಮ್ಮನಿಗೆ ನಗು, ಜೊತೆಗೆ ಕಣ್ಣಲ್ಲಿ ನೀರು. ಏನಂತೆ ಅಂತ ನಾನು ಪೀಡಿಸಿದ ಮೇಲೆ, ಆಕೆ ಆಡಿದ ಮಾತನ್ನೇ ಕಾಗದದ ಮೇಲೆ ಬರೆದುಕೊಟ್ಟಳು. ಅದನ್ನೇ ಇಲ್ಲಿ ಇಳಿಸುತ್ತೇನೆ:

"ಮಗಳು ಯಾವಾಗ ಬಂದ್ಲು? ಮಗು ಹಸಿದು ಅಷ್ಟು ಅಳ್ತಿದೆ, ಯಾರೂ ಎತ್ಕೊಳ್ಳಲ್ವೇನ್ರೀ?"

ನಿನ್ನ ಅಪ್ಪ